ಅಂಡರ್‌ಪಾಸ್ ಮುಚ್ಚುವವರು ಯಾರು?

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮುಂಬೈ ಪಾಲಿಕೆ ಒಂದು ಪಟ್ಟಿ ಹೊರಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ದಿನ, ಎಷ್ಟು ಗಂಟೆಗೆ ಸಮುದ್ರದ ಉಬ್ಬರ ನಾಲ್ಕೂವರೆ ಮೀಟರ್ ದಾಟುತ್ತದೆ ಅನ್ನುವುದು ಅದರಲ್ಲಿರುತ್ತದೆ. ಉಬ್ಬರದ ಹೊತ್ತಿಗೇ ಜೋರು ಮಳೆ ಬಂದರೆ ಚರಂಡಿ ನೀರು ಸಮುದ್ರಕ್ಕೆ ಇಳಿಯುವುದಿಲ್ಲ, ಊರೊಳಗೇ ನಿಲ್ಲುತ್ತದೆ. ಪೇಪರಿನಲ್ಲಿ ಬರುವ ಆ ಪಟ್ಟಿಯನ್ನು ನಾವು ಘಾಟ್ಕೋಪರ್‌ನವರೂ ನೋಡಿಟ್ಟುಕೊಳ್ಳುತ್ತೇವೆ.

ಈ ಶಿಸ್ತು ಸುಮ್ನೆ ಬಂದದ್ದಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು 75 ಮಿ.ಮೀ. ಕೂಡ ಅಲ್ಲ. ಒಂದೇ ಊರು, ಒಂದು ತುದಿ ಮುಳುಗುತ್ತಿದೆ, ಇನ್ನೊಂದು ತುದಿಯಲ್ಲಿ ಸಾಧಾರಣ ಮಳೆ. ಪಾಲಿಕೆಯ ಮುಖ್ಯ ಕಚೇರಿ ಇರುವುದು ಆ ಸಾಧಾರಣ ಮಳೆಯ ಕಡೆಗೆ! ನೂರಾರು ಜನ ಸತ್ತ ಮೇಲೆ ಊರಿನ ಉದ್ದಗಲಕ್ಕೂ ಮಳೆಮಾಪಕಗಳು ಬಂದವು. 1993ರಲ್ಲೇ ಸಿದ್ಧವಾಗಿದ್ದ ಮಳೆನೀರು ಚರಂಡಿ ಯೋಜನೆಯ ಕೆಲಸ ಚುರುಕಾಯಿತು. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್‌ನಂಥ ಕಡೆ ದೊಡ್ಡ ಪಂಪಿಂಗ್ ಸ್ಟೇಷನ್‌ಗಳು ಎದ್ದವು. ಮರ ಬಿದ್ದರೂ ಗೋಡೆ ಕುಸಿದರೂ 1916ಕ್ಕೆ ಫೋನ್ ಮಾಡಬೇಕು ಅನ್ನುವುದು ಜನರಿಗೆ ರೂಢಿಯಾಯಿತು.

ಆದರೆ ನನಗೆ ಇದೆಲ್ಲಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಅಂಧೇರಿ ಸಬ್‌ವೇ, ಅಂದರೆ ರೈಲು ಹಳಿಯ ಕೆಳಗೆ ಹಾದುಹೋಗುವ ಅಂಡರ್‌ಪಾಸ್. ಒಂದು ಮಳೆಗಾಲದಲ್ಲಿ ಅದು ಎಷ್ಟೋ ಸಲ ತುಂಬುತ್ತದೆ. ನೀರು ಏರಿತೆಂದರೆ ಪೊಲೀಸರು ಅಡ್ಡಗಟ್ಟಿ ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ಸುದ್ದಿ ಕೂಡಲೇ ಹರಡುತ್ತದೆ. ಅಲ್ಲಿ ನೀರು ನಿಲ್ಲುವುದನ್ನು ಇಷ್ಟು ವರ್ಷವಾದರೂ ತಪ್ಪಿಸಲಾಗಿಲ್ಲ, ಅದು ನಾಚಿಕೆಯ ವಿಷಯವೇ. ಆದರೂ ಮುಚ್ಚುವ ಕೆಲಸ ಯಾರದ್ದು ಅನ್ನುವುದರಲ್ಲಿ ಗೊಂದಲವಿಲ್ಲ.

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ಸತ್ತಳು. ವಿಧಾನಸೌಧದಿಂದ ಕೂಗಳತೆಯ ಜಾಗ. ಪ್ರವಾಹವಲ್ಲ, ಒಂದು ಮಧ್ಯಾಹ್ನದ ಮಳೆ. ಮುಂಬೈನಲ್ಲಿ ಕೂತು ಆ ಸುದ್ದಿ ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬೆಂಗಳೂರಿಗೆ ಸಮುದ್ರವಿಲ್ಲ, ಉಬ್ಬರವಿಲ್ಲ. 900 ಮೀಟರ್ ಎತ್ತರದಲ್ಲಿರುವ ಊರಲ್ಲಿ ನೀರು ಇಳಿದು ಹೋಗಬೇಕು, ಅಲ್ವಾ?

ಮಾಹಿತಿ ಇಲ್ಲ ಅನ್ನುವ ಹಾಗೂ ಇಲ್ಲ. ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಬೆಂಗಳೂರಿನ ಬಡಾವಣೆ ಬಡಾವಣೆಯ ಮಳೆ ಅಳೆಯುತ್ತದೆ. ಮೇಘ ಸಂದೇಶ ಅನ್ನುವ ಆ್ಯಪ್ ಇದೆ, ವರುಣಮಿತ್ರ ಸಹಾಯವಾಣಿ ಇದೆ. ಎಲ್ಲಿ ಎಷ್ಟು ಮಳೆ ಅಂತ ಹೇಳುವುದರಲ್ಲಿ ಬೆಂಗಳೂರು ಹಿಂದೆ ಬಿದ್ದಿಲ್ಲ. ಆ ಮಾಹಿತಿ ಬಂದ ಕ್ಷಣ ಯಾರು ಎದ್ದು ಓಡಬೇಕು ಅನ್ನುವಲ್ಲಿ ಎಡವುತ್ತಿದ್ದೇವೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗ ಜನರನ್ನು ಟ್ರ್ಯಾಕ್ಟರ್‌ನಲ್ಲಿ ಸಾಗಿಸಿದ್ದನ್ನು ದೇಶವೇ ನೋಡಿತು.

ಮುಂಬೈಯನ್ನು ಹೊಗಳಿ ಅಟ್ಟಕ್ಕೇರಿಸಲು ನನಗೂ ಮನಸ್ಸಿಲ್ಲ. ಗುಡ್ಡದ ಇಳಿಜಾರಿನ ಗುಡಿಸಲುಗಳಿಗೆ ಮಳೆಗಾಲಕ್ಕೆ ಮುಂಚೆ ನೋಟಿಸ್ ಹೋಗುತ್ತದೆ. ಬೇರೆ ಮನೆ ಕೊಡದೆ ಬರೀ ನೋಟಿಸ್ ಕೊಟ್ಟರೆ ಅವರು ಎಲ್ಲಿಗೆ ಹೋಗಬೇಕು? 2021ರ ಜುಲೈನಲ್ಲಿ ಚೆಂಬೂರಿನಲ್ಲಿ ಗೋಡೆ ಕುಸಿದು ಸತ್ತವರೂ ಬಡವರೇ.

ಈಗ ಬೆಂಗಳೂರು ಐದು ಪಾಲಿಕೆಗಳಾಗಿದೆ. ಮೆಜೆಸ್ಟಿಕ್ ಕಡೆಯ ನೀರು ಕೋರಮಂಗಲದ ರಾಜಕಾಲುವೆ ಹಿಡಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ ಹೋಗುತ್ತದೆ. ಮೇಲಿನ ಪಾಲಿಕೆಯ ಮಳೆ ಕೆಳಗಿನ ಪಾಲಿಕೆಯ ತಲೆನೋವು. ಹೊಣೆ ಜಾರಿಸಲು ಈಗ ಇನ್ನಷ್ಟು ಬಾಗಿಲು ಸಿಕ್ಕಂತಾಗಬಾರದು. ಯಾವ ಅಂಡರ್‌ಪಾಸ್ ಎಷ್ಟು ನೀರಿಗೆ ಮುಚ್ಚಬೇಕು, ಮುಚ್ಚುವವರು ಯಾರು, ಅವರ ಫೋನ್ ನಂಬರ್ ಏನು, ಪಂಪ್ ಎಲ್ಲಿದೆ, ಮನೆಗೆ ನೀರು ನುಗ್ಗಿದವರು ತಂಗಲು ರಾತ್ರಿ ಯಾವ ಶಾಲೆಯ ಬೀಗ ಯಾರು ತೆಗೆಯುತ್ತಾರೆ ಅನ್ನುವುದನ್ನು ಪ್ರತಿ ವಾರ್ಡ್ ಕಚೇರಿಯ ಮುಂದೆ ಬರೆದು ಹಾಕಲಿ. ಬೆಂಗಳೂರಿನಲ್ಲಿ ಗುಡುಗು ಮಳೆ ಜೂನ್‌ವರೆಗೆ ಕಾಯುವುದಿಲ್ಲ. ಆ ಬೋರ್ಡು ಮಾರ್ಚ್ ಮುಗಿಯುವುದರೊಳಗೆ ಬರಬೇಕು.