ಕಾರು ದಡದಲ್ಲಿರಲಿ, ಕುಕ್ಕರ್ ಬರಲಿ

ದ್ವೀಪಕ್ಕೆ ಕಾರು ಒಯ್ಯುವುದೋ ಬೇಡವೋ ಎಂಬ ಜಗಳ ನಮ್ಮ ಮನೆಯಲ್ಲಿ ಶುರುವಾಗುವುದು ಸಂಕ್ರಾಂತಿಯ ಆಸುಪಾಸಿನಲ್ಲಿ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುತ್ತದೆ. ಹೋಗುವುದು ಜುಲೈಯಲ್ಲಿ, ಹೆಚ್ಚೂಕಡಿಮೆ ಆಷಾಢದಲ್ಲಿ. ಆದರೆ ಮ್ಯಾಸಚೂಸೆಟ್ಸ್‌ನ ದಕ್ಷಿಣ ಕಡಲಿನಲ್ಲಿರುವ ಮಾರ್ಥಾಸ್ ವಿನ್ಯಾರ್ಡ್ ಮತ್ತು ನ್ಯಾಂಟಕೆಟ್ ದ್ವೀಪಗಳಿಗೆ ಕಾರು ಹೊತ್ತೊಯ್ಯುವ ಹಡಗಿನಲ್ಲಿ ಬೇಸಿಗೆಗೆ ಜಾಗ ಕಾಯ್ದಿರಿಸುವುದು ಜನವರಿಯಲ್ಲೇ ಆರಂಭವಾಗುತ್ತದೆ. ವಾರಾಂತ್ಯದ ಒಳ್ಳೆಯ ಹೊತ್ತುಗಳೆಲ್ಲ ಬೇಗ ಹಂಚಿ ಹೋಗುತ್ತವೆ. ಎಳ್ಳುಬೆಲ್ಲ ಬಾಯಲ್ಲಿರುವಾಗಲೇ, ಆರು ತಿಂಗಳ ಆಚೆಗೆ ನಮಗೆ ಕಾರು ಬೇಕಾಗುತ್ತದೆಯೇ ಎಂದು ಹೇಳಬೇಕು. ನನ್ನ ಹೆಂಡತಿ ಇದನ್ನು ಶಿಸ್ತು ಎನ್ನುತ್ತಾಳೆ. ನಾನು ಜಾತಕ ನೋಡುವುದು ಎನ್ನುತ್ತೇನೆ.

ನಾನು ಸಾಗರದವನು. ನನ್ನ ಸೋದರತ್ತೆಯನ್ನು ಕೊಟ್ಟದ್ದು ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಗೆ. ಅಲ್ಲಿಗೆ ಹೋಗಬೇಕೆಂದರೆ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಬೇಕಿತ್ತು. ಕಾರು ಒಯ್ಯುವ ತೀರ್ಮಾನ ಅಲ್ಲಿ ಆಗುತ್ತಿದ್ದದ್ದು ನೀರಿನ ಅಂಚಿನಲ್ಲಿ, ಲಾಂಚ್ ಕಣ್ಣಿಗೆ ಬಿದ್ದ ಮೇಲೆ. ಸರದಿ ಉದ್ದವಿದ್ದರೆ ಕಾರನ್ನು ಮರದಡಿ ನಿಲ್ಲಿಸಿ ಜನ ಮಾತ್ರ ದಾಟುವುದು, ಆಚೆ ದಡದಲ್ಲಿ ಜೀಪೋ ಬಸ್ಸೋ ಹಿಡಿಯುವುದು. ಬೇಸಿಗೆಯಲ್ಲಿ ನೀರು ತೀರ ಇಳಿದರೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಆಗ ಯೋಚಿಸುವ ಕಷ್ಟವೂ ಇರುತ್ತಿರಲಿಲ್ಲ. ಜುಲೈಯ ಕಾರಿನ ಬಗ್ಗೆ ಜನವರಿಯಲ್ಲಿ ಯೋಚಿಸುವುದು ನನಗೆ ಇಲ್ಲಿಗೆ ಬಂದು ಹದಿನೆಂಟು ವರ್ಷವಾದರೂ ರೂಢಿಯಾಗಿಲ್ಲ.

ಮೊದಲ ಸಲ ವಿನ್ಯಾರ್ಡ್‌ಗೆ ಹೋದಾಗ ಕಾರು ಒಯ್ದೆವು. ಯಾಕೆ ಎಂದು ಯಾರೂ ಕೇಳಿಕೊಳ್ಳಲಿಲ್ಲ. ಕಾರಿದ್ದವರು ಕಾರು ಒಯ್ಯುತ್ತಾರೆ, ಅಷ್ಟೇ. ವುಡ್ಸ್ ಹೋಲ್ ಎಂಬ ಪುಟ್ಟ ಬಂದರಿನಿಂದ ಮುಕ್ಕಾಲು ಗಂಟೆಯ ದಾರಿ. ಕಾರಿಗೆ ಕೊಟ್ಟ ಬಾಡಿಗೆ ನಾಲ್ವರ ಟಿಕೆಟ್‌ಗಳನ್ನು ಕೂಡಿಸಿದರೂ ಹೆಚ್ಚು. ಕಾರಿನ ಉದ್ದ ನೋಡಿ ದರ ಹೇಳುತ್ತಾರೆ, ದರ್ಜಿ ಬಟ್ಟೆ ಅಳೆದ ಹಾಗೆ. ನಾವು ಉಳಿದದ್ದು ಓಕ್ ಬ್ಲಫ್ಸ್ ಎಂಬ ಊರಿನಲ್ಲಿ. ಬೇಸಿಗೆಯಲ್ಲಿ ಹಡಗು ಆ ಊರಿನ ಕಟ್ಟೆಗೇ ಬರುತ್ತದೆ. ಮರದ ಕಸೂತಿ ಕೆತ್ತನೆಯ ಬಣ್ಣಬಣ್ಣದ ಪುಟ್ಟ ಮನೆಗಳ ಸಾಲು, ಮಕ್ಕಳು ಬಿಟ್ಟು ಬರಲೊಪ್ಪದ 1876ರ ಮರಗುದುರೆಗಳ ತಿರುಗುಯಂತ್ರ, ಸಮುದ್ರ, ಐಸ್‌ಕ್ರೀಂ ಎಲ್ಲವೂ ಹಡಗಿಳಿದ ಜಾಗದಿಂದ ನಡೆದು ಹೋಗುವಷ್ಟು ದೂರ. ಕಾರನ್ನು ಒಮ್ಮೆ ನಿಲ್ಲಿಸಿದ ಮೇಲೆ, ಸಿಕ್ಕ ಜಾಗ ಕೈತಪ್ಪೀತೆಂಬ ಹೆದರಿಕೆಗೆ, ಮೂರು ದಿನ ತೆಗೆಯಲೇ ಇಲ್ಲ.

ನಾಲ್ಕನೆಯ ದಿನ ಬಾಡಿಗೆ ದಂಡವಾಗಬಾರದೆಂದು ಹೊರಟೆವು. ಚಿಲ್‌ಮಾರ್ಕ್ ಕಡೆಯ ಕಡಲತೀರ ಬಹಳ ಚೆಂದ ಎಂದು ಯಾರೋ ಹೇಳಿದ್ದರು. ಹೋಗಿ ನೋಡಿದರೆ, ಬೇಸಿಗೆಯಲ್ಲಿ ಅದು ಆ ಊರಿನ ನಿವಾಸಿಗಳಿಗೆ ಮತ್ತು ಆ ಊರಿನಲ್ಲಿ ಮನೆ ಬಾಡಿಗೆಗೆ ಹಿಡಿದವರಿಗೆ ಮಾತ್ರ. ಪರವಾನಗಿ ಚೀಟಿ ಇಲ್ಲದ ಕಾರು ಬಾಗಿಲಿನಿಂದಲೇ ವಾಪಸ್. ಕಡಲಿಗೆ ಬಾಗಿಲು ಹಾಕುತ್ತಾರೆಂದು ನನಗೆ ಗೊತ್ತಾದದ್ದು ಅಂದು. ಮಲ್ಪೆಯಲ್ಲೋ ಮರವಂತೆಯಲ್ಲೋ ದಡದಲ್ಲಿ ನಿಂತವನನ್ನು ನೀನು ಯಾವ ಊರಿನವನು ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಇಲ್ಲಿ ನಿಯಮ ಕೇಳುವುದು ಕಾರಿನ ಗಾಜಿನ ಮೇಲಿನ ಚೀಟಿಯನ್ನು. ಹಾಗಾಗಿ ಕಾರಿದ್ದರೆ ದ್ವೀಪದಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬ ಮಾತನ್ನು ನಂಬಬೇಡಿ. ಕಾರಿಗೆ ರಸ್ತೆ ಸಿಗುತ್ತದೆ, ನಿಲ್ಲಲು ಜಾಗ ಸಿಗುವುದಿಲ್ಲ.

ಊರಿಗೆ ಮರಳಿ ಡಿಕ್ಕಿ ತೆಗೆದಾಗ ನನಗೆ ವಿಷಯ ಹೊಳೆಯಿತು. ಸೋನಾ ಮಸೂರಿ ಐದು ಕಿಲೋ, ಕುಕ್ಕರ್, ಒಗ್ಗರಣೆ ಸೌಟು, ಚಟ್ನಿಪುಡಿಯ ಎರಡು ಡಬ್ಬ, ಮಿಡಿ ಉಪ್ಪಿನಕಾಯಿ, ಚಾಪೆ, ಹಾಸಿಗೆ ಬಟ್ಟೆ, ಎಂದೂ ಬಿಚ್ಚದ ಛತ್ರಿಗಳು. ನಾವು ಕಡಲು ದಾಟಿಸಿದ್ದು ವಾಹನವನ್ನಲ್ಲ, ಉಗ್ರಾಣವನ್ನು. ಕಾರು ಬೇಕೇ ಎಂದು ಮನೆಯಲ್ಲಿ ಕೇಳಿದಾಗಲೆಲ್ಲ ಉತ್ತರ ಬರುವುದು ಅಡುಗೆಮನೆಯಿಂದ. ಅಮೆರಿಕದ ನನ್ನ ಸಹೋದ್ಯೋಗಿಗಳು ಇದೇ ಪ್ರಶ್ನೆಗೆ ಸೈಕಲ್, ಮೀನಿನ ಗಾಳ, ನಾಯಿ ಎಂದು ಲೆಕ್ಕ ಹಾಕುತ್ತಾರೆ. ಹೊರೆ ಬೇರೆ, ಸಂಕಟ ಒಂದೇ.

ಮರುವರ್ಷ ಹಟ ಹಿಡಿದು ಕಾರನ್ನು ದಡದಲ್ಲಿ ಬಿಟ್ಟೆವು. ದಡ ಎಂದರೆ ಹಡಗುಕಟ್ಟೆಯ ಪಕ್ಕವೆಂದು ತಿಳಿಯಬೇಡಿ. ಬೇಸಿಗೆಯಲ್ಲಿ ಕಾರು ನಿಲ್ಲಿಸಬೇಕಾದದ್ದು ಕೆಲವು ಮೈಲಿ ಹಿಂದೆ, ಫಾಲ್ಮತ್ ಊರಿನ ಬಯಲುಗಳಲ್ಲಿ. ಅಲ್ಲಿಂದ ಕಟ್ಟೆಗೆ ಪುಕ್ಕಟೆ ಬಸ್ಸು. ಆ ಬಸ್ಸಿಗೆ ನಾಲ್ಕು ಚೀಲ ಹತ್ತಿಸು, ಇಳಿಸು, ಹಡಗಿನ ಬಳಿಯ ಸಾಮಾನಿನ ಬಂಡಿಯಲ್ಲಿ ಇಡು, ಆಚೆ ದಡದಲ್ಲಿ ಅದೇ ಬಂಡಿಯನ್ನು ಹುಡುಕು. ಕುಕ್ಕರ್ ನನ್ನ ಬೆನ್ನಿನ ಚೀಲದಲ್ಲಿತ್ತು. ಅದರ ಹಿಡಿ ಪಕ್ಕೆಗೆ ತಿವಿಯುತ್ತಿದ್ದದ್ದು ಈಗಲೂ ನೆನಪಿದೆ. ಕಾರು ಬಿಟ್ಟರೆ ಹಗುರ ಎಂದು ಬರೆಯುವವರು ಹೊರಡುವ ದಿನದ ಮತ್ತು ಮರಳುವ ದಿನದ ಮಾತನ್ನು ಎತ್ತುವುದೇ ಇಲ್ಲ.

ನಡುವಿನ ಐದು ದಿನಗಳು ಮಾತ್ರ ಬೇರೆಯೇ. ದ್ವೀಪದ ಆರೂ ಊರುಗಳಿಗೆ ಬಸ್ಸಿದೆ, ಬಸ್ಸಿನ ಮೂತಿಯ ಮೇಲೆ ಸೈಕಲ್ ಕಟ್ಟುವ ಕೊಕ್ಕೆಗಳಿವೆ. ಮಕ್ಕಳು ಎರಡೇ ದಿನದಲ್ಲಿ ಬಸ್ಸಿನ ವೇಳಾಪಟ್ಟಿಯನ್ನು ಬಾಯಿಪಾಠ ಮಾಡಿದರು. ಮನೆಯಲ್ಲಿ ಶಾಲೆಯ ಬಸ್ಸು ತಪ್ಪಿಸಿಕೊಳ್ಳುವ ಅದೇ ಮಕ್ಕಳು. ಪಶ್ಚಿಮ ತುದಿಯ ಅಕ್ವಿನ್ನಾದಲ್ಲಿ ಕೆಂಪು, ಬಿಳಿ, ಕಪ್ಪು ಜೇಡಿಮಣ್ಣಿನ ಕಡಿದಾದ ದಂಡೆಗಳಿವೆ. ಅದು ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನೆಲ. ಅಲ್ಲಿಗೆ ಬಸ್ಸು ಬದಲಿಸಿಕೊಂಡು ಹೋದೆವು. ಕಲ್ಲಿನ ಪೌಳಿಗಳ ನಡುವೆ, ಕುರಿಗಳಿದ್ದ ಹುಲ್ಲುಗಾವಲುಗಳನ್ನು ನಾನು ಮೊದಲ ಬಾರಿ ನೋಡಿದ್ದು ಆ ಬಸ್ಸಿನ ಕಿಟಕಿಯಿಂದ. ಹಿಂದಿನ ವರ್ಷ ಅದೇ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿದು ಹೋದಾಗ ಎದುರಿನ ಟ್ರಕ್ಕಿನ ಹಿಂಬದಿಯ ಹೊರತು ಏನೂ ಕಂಡಿರಲಿಲ್ಲ.

ಇಷ್ಟು ಹೇಳಿ, ಕಾರು ಒಯ್ಯುವವರೆಲ್ಲ ಸೋಮಾರಿಗಳು ಎಂದು ತೀರ್ಪು ಕೊಡುವ ಮಂದಿಯ ಪಂಕ್ತಿಗೆ ನನ್ನನ್ನು ಸೇರಿಸಬೇಡಿ. ಅಮ್ಮ ಊರಿನಿಂದ ಬಂದ ವರ್ಷ, ಅವಳ ಮಂಡಿನೋವನ್ನು ನೋಡಿ ಚರ್ಚೆಯಿಲ್ಲದೆ ಕಾರು ಒಯ್ದೆವು. ಉಳಿದದ್ದು ಊರಿನಿಂದ ದೂರ, ಬಸ್ಸಿನ ನಿಲ್ದಾಣಕ್ಕೆ ಮಣ್ಣುದಾರಿಯಲ್ಲಿ ಅರ್ಧ ಮೈಲಿ ನಡೆಯಬೇಕಾದ ಮನೆಯಲ್ಲಿ. ಆ ಸಲದ ಬಾಡಿಗೆಯಲ್ಲಿ ಒಂದು ಡಾಲರ್ ಕೂಡ ವ್ಯರ್ಥವೆನಿಸಲಿಲ್ಲ.

ಸೈಕಲ್‌ವಾದಿಗಳ ಬಗ್ಗೆ ನನಗೊಂದು ತಕರಾರೂ ಇದೆ. ದ್ವೀಪಕ್ಕೆ ಕಾರು ತರುವುದು ಅಪಚಾರ ಎಂದು ನನಗೆ ಬೋಧಿಸಿದ ಗೃಹಸ್ಥರೊಬ್ಬರಿಗೆ ಅಲ್ಲೇ ಅಜ್ಜನ ಕಾಲದ ಮನೆಯಿದೆ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಚಳಿಗಾಲವಿಡೀ ಹೊದಿಕೆ ಹೊದ್ದು ಮಲಗಿ ಬೇಸಿಗೆಗೆ ಮಾತ್ರ ಏಳುವ, ಉಪ್ಪುಗಾಳಿಗೆ ತುಕ್ಕು ಹಿಡಿದ ಹಳೆಯ ಜೀಪಿದೆ. ಅದನ್ನು ಅವರು ಕಾರಿನ ಲೆಕ್ಕಕ್ಕೆ ಸೇರಿಸುವುದೇ ಇಲ್ಲ! ಹಡಗಿನಲ್ಲಿ ಕೈಬೀಸಿಕೊಂಡು ಬರುವ ಅವರ ಸರಳತೆಯ ಬೇರು ಆ ಕೊಟ್ಟಿಗೆಯಲ್ಲಿದೆ. ತವರಿನಲ್ಲಿ ತುಂಬಿದ ಕಣಜವಿದ್ದವರು ಚೀಲವಿಲ್ಲದೆ ಪ್ರಯಾಣ ಮಾಡಬಲ್ಲರು.

ನ್ಯಾಂಟಕೆಟ್‌ನ ಮಾತು ಸುಲಭ, ಅಲ್ಲಿಗೆ ಒಯ್ಯಬೇಡಿ. ಹಯಾನಿಸ್‌ನಿಂದ ಕಾರು ಹಡಗಿಗೆ ಎರಡು ಗಂಟೆ ಮೀರಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಕಾರಿನ ಹೋಗಿಬರುವ ಬಾಡಿಗೆ ನೂರಾರು ಡಾಲರ್. ಜನರನ್ನಷ್ಟೇ ಒಯ್ಯುವ ವೇಗದ ದೋಣಿ ಸುಮಾರು ಒಂದು ಗಂಟೆಯಲ್ಲಿ ಮುಟ್ಟಿಸುತ್ತದೆ. ಪೇಟೆಯ ಮುಖ್ಯ ಬೀದಿಯಲ್ಲಿ ಉರುಟುಕಲ್ಲು ಹಾಸಿದ್ದಾರೆ. ಅದರ ಮೇಲೆ ಕಾರು ಓಡಿಸಿದರೆ ಹಲ್ಲು ಕಟಕಟಿಸುತ್ತದೆ. ಸೈಕಲ್ ದಾರಿಗಳು ದ್ವೀಪದ ಉದ್ದಗಲಕ್ಕೂ ಇವೆ, ನೆಲ ಸಪಾಟು. ಹೋಗಿ ನೋಡಿದರೆ ಆ ಊರಿಗೂ ಕಾರಿಗೂ ಮೊದಲಿನಿಂದಲೇ ಆಗಿಬರುತ್ತಿರಲಿಲ್ಲ. 1918ರವರೆಗೆ ಅಲ್ಲಿ ಮೋಟಾರು ವಾಹನಗಳಿಗೆ ನಿಷೇಧವಿತ್ತು. ಕ್ಲಿಂಟನ್ ಫೋಲ್ಜರ್ ಎಂಬ ಟಪಾಲು ಸಾಗಿಸುವವರು ಇದಕ್ಕೆ ಸೊಗಸಾದ ಉಪಾಯ ಹುಡುಕಿದರು. ಊರಿನ ರಸ್ತೆ ಊರಿನವರದು, ಅಲ್ಲಿ ಮೋಟಾರು ನಿಷಿದ್ಧ. ಆದರೆ ಸಯಾಸ್ಕನ್ಸೆಟ್ ಎಂಬ ಹಳ್ಳಿಗೆ ಹೋಗುವ ಹೆದ್ದಾರಿ ರಾಜ್ಯದ್ದು. ಹಾಗಾಗಿ ಊರಿನೊಳಗೆ ಕಾರನ್ನು ಕುದುರೆಗಳಿಗೆ ಕಟ್ಟಿ ಎಳೆಸಿ, ಹೆದ್ದಾರಿ ಮುಟ್ಟಿದ ಮೇಲೆ ಕುದುರೆ ಬಿಚ್ಚಿ ಎಂಜಿನ್ ಚಾಲೂ ಮಾಡುತ್ತಿದ್ದರು. ಕೊನೆಗೆ ಊರವರು ಮತ ಹಾಕಿ ನಿಷೇಧ ತೆಗೆದರು: ಪರವಾಗಿ 326, ವಿರುದ್ಧ 296. ಮೂವತ್ತು ಮತ. ಹದಿನಾರು ಜನ ಮನಸ್ಸು ಬದಲಿಸಿದ್ದರೆ ನಮ್ಮ ಮನೆಯ ಅರ್ಧ ಜಗಳ ಕಡಿಮೆಯಾಗುತ್ತಿತ್ತು. ಮಿಶಿಗನ್‌ನ ಮ್ಯಾಕಿನಾ ದ್ವೀಪದಲ್ಲಿ ಹಾಗೇ ಆಗಿದೆ. 1898ರಲ್ಲಿ ಊರಿನವರು ಮೋಟಾರು ಬೇಡವೆಂದದ್ದು ಇಂದಿಗೂ ನಡೆಯುತ್ತಿದೆ. ಕುದುರೆಗಾಡಿ, ಸೈಕಲ್, ಕಾಲು, ಇವು ಮೂರೇ. ಅಲ್ಲಿಗೆ ಹೋದ ವರ್ಷ ಜನವರಿಯಲ್ಲಿ ನಾವು ನೆಮ್ಮದಿಯಾಗಿದ್ದೆವು.

ನನ್ನನ್ನು ನಿಜವಾಗಿ ಕಾಡುವುದು ಹಡಗಿನ ಅಟ್ಟದ ಮೇಲಿನ ಜಾಗ. ವಿನ್ಯಾರ್ಡ್ ಹಡಗಿನ ಹೊಟ್ಟೆಯಲ್ಲಿ ನಮ್ಮ ಕಾರಿನ ಮುಂದೆ ಹಾಲಿನ ಲಾರಿ, ಹಿಂದೆ ಮರಗೆಲಸದವನ ವ್ಯಾನು ನಿಂತಿರುತ್ತವೆ. ದ್ವೀಪದಲ್ಲಿ ವರ್ಷವಿಡೀ ಬದುಕುವವರ ದಿನಸಿ, ಔಷಧ, ಆಚೆ ದಡದ ವೈದ್ಯರ ಭೇಟಿ ಎಲ್ಲವೂ ಇದೇ ಅಟ್ಟದ ಮೇಲೆ ಸಾಗಬೇಕು. ಜುಲೈಯಲ್ಲಿ ಆ ಜಾಗಕ್ಕೆ ನಮ್ಮಂಥವರ ಉಗ್ರಾಣಗಳು ಪೈಪೋಟಿಗೆ ನಿಲ್ಲುತ್ತವೆ. ಇದನ್ನು ನಾನು ಹೊಳೆಬಾಗಿಲಿನಲ್ಲಿ ಇನ್ನೊಂದು ಬದಿಯಿಂದ ನೋಡಿದ್ದೇನೆ. ಸಿಗಂದೂರು ದೇವಿಯ ದರ್ಶನಕ್ಕೆ ಬರುವವರ ಕಾರುಗಳು ರಜೆಯ ದಿನಗಳಲ್ಲಿ ಮೈಲಿಗಟ್ಟಲೆ ನಿಲ್ಲುತ್ತಿದ್ದವು. ಮಾವ ಅಡಿಕೆ ಮಾರಿ ಸಾಗರದಿಂದ ಮರಳುವಾಗ, ಅವರ ಮನೆಯ ದಾರಿಗೆ ಅಡ್ಡಲಾಗಿ ನಿಂತದ್ದು ಬೆಂಗಳೂರಿನಿಂದ ಬಂದ ಯಾರದೋ ರಜೆ. ಸಂಜೆಯ ಕೊನೆಯ ಲಾಂಚ್ ತಪ್ಪಿತೆಂದರೆ ಮನೆಯ ದೀಪ ಕಾಣುವ ದೂರದಲ್ಲಿ ರಾತ್ರಿ ಕಳೆಯಬೇಕು.

ಎರಡು ಕಡೆಯ ನೀರನ್ನು ನಾನು ಒಂದೇ ಎನ್ನಲಾರೆ. ವಿನ್ಯಾರ್ಡ್ ಕಡಲು ಮಾಡಿದ ದ್ವೀಪ. ಅಲ್ಲಿ ಮನೆ ಕೊಳ್ಳುವವರು ಕೊಳ್ಳುವುದೇ ಆ ನಡುವಿನ ನೀರನ್ನು; ಸೇತುವೆ ಕಟ್ಟುತ್ತೇವೆ ಎಂದರೆ ದಂಗೆ ಎದ್ದಾರು. ತುಮರಿಯ ಕಡೆಯದು 1964ರ ಲಿಂಗನಮಕ್ಕಿ ಅಣೆಕಟ್ಟು ಮಾಡಿದ ದ್ವೀಪ. ನಾಡಿಗೆ ಬೆಳಕು ಕೊಡಲು ಮುಳುಗಿದ ಊರುಗಳ ನಡುವೆ ಉಳಿದವರು, ಮೂರು ಕಡೆ ನೀರು, ನಾಲ್ಕನೆಯ ಕಡೆಯಿಂದ ಬರಬೇಕೆಂದರೆ ಕಾಡಿನ ದೊಡ್ಡ ಸುತ್ತು, ಆರು ದಶಕ ಸೇತುವೆ ಕೇಳಿದರು. 2025ರ ಜುಲೈ 14ರಂದು ಅದು ತೆರೆಯಿತು, ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ಲಾಂಚ್ ಎಷ್ಟು ಚೆಂದವಿತ್ತು ಎಂದು ಕೊರಗುವ ಬರಹಗಳು ಮೊಬೈಲಿಗೆ ಸಾಲುಸಾಲಾಗಿ ಬಂದವು. ಬರೆದವರಾರೂ ಆಚೆ ದಡದವರಲ್ಲ. ನಾನೂ ಒಂದನ್ನು ಅತ್ತೆಗೆ ಕಳಿಸಿ ಬೈಸಿಕೊಂಡೆ. "ನಿನಗೆ ಅಷ್ಟು ಬೇಕಾದರೆ ಅಲ್ಲೇ ಒಂದು ಲಾಂಚ್ ಹತ್ತು, ನಮ್ಮದನ್ನು ಬಿಡು" ಎಂದಳು.

ಅಲ್ಲೇ ಹತ್ತುವ ಲಾಂಚ್ ಒಂದಿದೆ ಎಂದು ಅವಳಿಗೆ ಹೇಳಿಲ್ಲ. ವಿನ್ಯಾರ್ಡ್‌ನ ಎಡ್ಗರ್‌ಟೌನ್‌ನಿಂದ ಚಪ್ಪಾಕ್ವಿಡಿಕ್‌ಗೆ ದಾಟಿಸುವ ಪುಟ್ಟ ದೋಣಿ, ಒಂದು ಸಲಕ್ಕೆ ಮೂರೇ ಕಾರು. ಹೆಸರು ಆನ್ ಟೈಮ್. ವೇಳಾಪಟ್ಟಿಯೇ ಇಲ್ಲದ ದೋಣಿ ತಡವಾಗುವುದಾದರೂ ಹೇಗೆ? ನೋಡುತ್ತ ನಿಂತರೆ ಎದುರು ದಡ ಕೈಗೆ ಸಿಗುವಂತಿದೆ, ಕಾರುಗಳ ಸಾಲು ಬೀದಿಯ ತಿರುವು ದಾಟಿದೆ. ನಡೆದು ಬಂದವರು ಮಾತ್ರ ಸಾಲಿನ ಪಕ್ಕದಿಂದ ಸಲೀಸಾಗಿ ಹೋಗಿ ಹತ್ತುತ್ತಾರೆ. ಕಾರಿನಲ್ಲಿ ಕುಳಿತು ಕಿಟಕಿಯಿಂದ ಅವರನ್ನು ನೋಡುವಾಗ ಅಮ್ಮ, "ಹೊಳೆಬಾಗಿಲಿನಲ್ಲಾದರೆ ಇಷ್ಟು ಹೊತ್ತಿಗೆ ಕಡಲೆಕಾಯಿ ಮಾರುವವನು ಬರುತ್ತಿದ್ದ" ಎಂದಿದ್ದಳು.

ಈ ಜನವರಿಯಲ್ಲಿ ಕಾರಿಗೆ ಜಾಗ ಕಾಯ್ದಿರಿಸಿಲ್ಲ. ಈ ಸಲ ಅಮ್ಮ ಬರುತ್ತಿಲ್ಲ, ಮನೆ ಹಡಗುಕಟ್ಟೆಯ ಹತ್ತಿರದ್ದೇ, ಒಂದು ದಿನ ಬೇಕೆನಿಸಿದರೆ ಅಲ್ಲೇ ಬಾಡಿಗೆ ಕಾರು ಸಿಗುತ್ತದೆ. ಅಕ್ಕಿಯನ್ನೂ ಅಲ್ಲಿಯ ಅಂಗಡಿಯಲ್ಲೇ ಕೊಂಡು, ಸಿಕ್ಕ ಅನ್ನವನ್ನು ಸೈರಿಸುವುದೆಂದು ಒಪ್ಪಂದವಾಗಿದೆ. ಉಪ್ಪಿನಕಾಯಿ ಮಗಳ ಚೀಲದಲ್ಲಿ. ಕುಕ್ಕರ್ ಯಾರ ಬೆನ್ನಿಗೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.