ಎಷ್ಟು ಯೋಜನ ನಮ್ಮ ಯೋಜನೆ?

ಅಕ್ಕನ ಮಗಳಿಗೆ ಸ್ಕೂಲಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ವಿಷಯ: ‘ಪ್ರಾಜೆಕ್ಟ್’. ಆ ಇಂಗ್ಲಿಷ್ ಪದದ ಅರ್ಥ ಬರೆಯಬೇಕು, ಮೂರು ವಾಕ್ಯದಲ್ಲಿ ಬಳಸಬೇಕು, ಐದು ಸಮಾನಾರ್ಥಕ ಪದ ಕೊಡಬೇಕು, ಜೊತೆಗೆ ಒಂದು ಮಾಡೆಲ್ ಮಾಡಿ ತರಬೇಕು. ಆರನೇ ಕ್ಲಾಸು. ಸೋಮವಾರ ಬೆಳಿಗ್ಗೆ ಕೊಡಬೇಕು. ನನಗೆ ಹೇಳಿದ್ದು ಭಾನುವಾರ ಮಧ್ಯಾಹ್ನ, ಮುದ್ದೆ ಉಂಡು ಇನ್ನೇನು ಕಾಲು ಚಾಚಬೇಕು ಅನ್ನುವಾಗ.

“ಮಾವ, ನೀನು ಏನೇನೋ ಬರೀತಿರ್ತೀಯಲ್ಲ, ಇದನ್ನೂ ಬರೆದುಕೊಡು.”

ಮೊದಲ ಅರ್ಥ ಅಲ್ಲೇ ಸಿಕ್ಕಿತು. ಪ್ರಾಜೆಕ್ಟ್ ಅಂದರೆ ಮಕ್ಕಳಿಗೆ ಕೊಟ್ಟು ದೊಡ್ಡವರಿಂದ ಮಾಡಿಸುವ ಕೆಲಸ.

ಥರ್ಮಾಕೋಲ್ ತರೋಣ ಅಂತ ಬಿ.ಬಿ. ರಸ್ತೆಗೆ ಹೋದೆವು. ಚಿಕ್ಕಬಳ್ಳಾಪುರದಲ್ಲಿ ಭಾನುವಾರ ಸಂಜೆ ಸ್ಟೇಷನರಿ ಅಂಗಡಿ ಮುಂದೆ ನಿಂತಿರುವವರೆಲ್ಲ ಅಪ್ಪಂದಿರು. ಅಂಗಡಿಯವರು ಡಾಕ್ಟರ್ ಥರ ವಿಚಾರಿಸಿದರು. “ಎಷ್ಟನೇ ಕ್ಲಾಸು ಸಾರ್? ಯಾವತ್ತು ಕೊಡಬೇಕು?” ನಾಳೆ ಅಂದೆ. ಮೇಲಿನ ಅಟ್ಟದಿಂದ ರೆಡಿ ಜ್ವಾಲಾಮುಖಿ ಇಳಿಸಿದರು. “ಇದನ್ನೇ ತಗೊಳ್ಳಿ, ಸುಮ್ನೆ ಯಾಕೆ ನಿದ್ದೆ ಕೆಡ್ತೀರ?” ಪ್ರಾಜೆಕ್ಟ್ ಅನ್ನುವ ವಿಷಯಕ್ಕೂ ಜ್ವಾಲಾಮುಖಿಗೂ ಏನು ಸಂಬಂಧ ಅಂದರೆ, “ಮಿಸ್ಸು ಅಷ್ಟೆಲ್ಲ ನೋಡಲ್ಲ ಸಾರ್” ಅಂದರು. ಈ ಮಾತನ್ನು ಮನೆಗೆ ಬರುವವರೆಗೂ ಮೆಲುಕು ಹಾಕಿದೆ.

ಮನೆಗೆ ಬಂದು ನಿಘಂಟು ತೆಗೆದೆ. ಪ್ರಾಜೆಕ್ಟ್ ಲ್ಯಾಟಿನ್ ಮೂಲದ ಪದ. ‘ಪ್ರೊ’ ಅಂದರೆ ಮುಂದಕ್ಕೆ, ‘ಜೆಕ್ಟ್’ ಅಂದರೆ ಎಸೆಯುವುದು. ಒಟ್ಟಿನಲ್ಲಿ ಮುಂದಕ್ಕೆ ಎಸೆದದ್ದು. ಸಿನಿಮಾ ಪರದೆ ಮೇಲೆ ಬೆಳಕು ಎಸೆಯುವ ಪ್ರೊಜೆಕ್ಟರ್ ಇದೇ ವಂಶದ್ದು. ಹಿಂದಕ್ಕೆ ಎಸೆದರೆ ರಿಜೆಕ್ಟ್. 17ನೇ ಶತಮಾನದ ಇಂಗ್ಲೆಂಡಿನಲ್ಲಿ ‘ಪ್ರೊಜೆಕ್ಟರ್’ ಅಂದರೆ ದುಡ್ಡು ಎತ್ತಲು ದಿನಕ್ಕೊಂದು ಸ್ಕೀಮು ಹೊತ್ತು ತಿರುಗುವ ಮನುಷ್ಯ, ಹೆಚ್ಚುಕಡಿಮೆ ಬೈಗುಳ. ಈಗ ಅದು ಬರೀ ಯಂತ್ರದ ಹೆಸರು. ಮನುಷ್ಯರಿಗೆ ಬೇರೆ ಹುದ್ದೆಗಳಿವೆ.

ಇನ್ನು ನಮ್ಮ ಪದ. ಪ್ರಾಜೆಕ್ಟಿಗೆ ಕನ್ನಡದಲ್ಲಿ ಯೋಜನೆ ಅನ್ನುತ್ತೇವೆ. ಅದರ ಪಕ್ಕದ ಮನೆಯ ಪದ ‘ಯೋಜನ’. ದೂರದ ಅಳತೆ. ಎರಡಕ್ಕೂ ತಾಯಿಬೇರು ಒಂದೇ: ‘ಯುಜ್’, ನೊಗ ಹೂಡು ಅಂತ. ಎತ್ತಿಗೆ ಒಮ್ಮೆ ನೊಗ ಹೂಡಿದರೆ ಬಿಚ್ಚುವವರೆಗೆ ಎಷ್ಟು ದೂರ ಹೋಗುತ್ತದೋ ಅದು ಒಂದು ಯೋಜನ.

ಇಷ್ಟು ಓದುವಾಗ ನನಗೆ ಮೈ ಜುಂ ಅಂದಿತು. ಯಾಕೆಂದರೆ ನಮ್ಮ ಜಿಲ್ಲೆ ಕಾಯುತ್ತಿರುವ ಯೋಜನೆಯ ಹೆಸರೇ ಎತ್ತಿನಹೊಳೆ.

ಇದಕ್ಕೆ ಶಂಕುಸ್ಥಾಪನೆ ಆಗಿದ್ದು 2014ರ ಮಾರ್ಚ್‌ನಲ್ಲಿ, ಇದೇ ಚಿಕ್ಕಬಳ್ಳಾಪುರದಲ್ಲಿ. ಆಗ ಇವಳು ತೊಟ್ಟಿಲಲ್ಲಿದ್ದಳು. ನೀರು ಇರುವುದು ಸಕಲೇಶಪುರದಲ್ಲಿ, ಕಲ್ಲು ನೆಟ್ಟಿದ್ದು ಇಲ್ಲಿ. ಕಲ್ಲು ಮಾತ್ರ ಎಲ್ಲಕ್ಕಿಂತ ಮೊದಲು ಬಂದು ತಲುಪಿತು. ಪಶ್ಚಿಮ ಘಟ್ಟದ ಹಳ್ಳಗಳಿಂದ 24 ಟಿಎಂಸಿ ನೀರು ಎತ್ತಿ ಸುಮಾರು 250 ಕಿ.ಮೀ. ಕಾಲುವೆಯಲ್ಲಿ ಈ ಕಡೆ ಹರಿಸುವುದು ಲೆಕ್ಕ. ಅಲ್ಲಿ ಅಷ್ಟು ನೀರಿದೆಯಾ ಅಂತ ಕೇಳಿದವರೂ ಇದ್ದಾರೆ. ಅಂಥವರನ್ನು ನಾವು ಊಟಕ್ಕೆ ಕರೆಯುವುದಿಲ್ಲ. ಶುರುವಿನಲ್ಲಿ ಖರ್ಚು 12,912 ಕೋಟಿ ಅಂದರು. 2023ಕ್ಕೆ ಅದು 23,251 ಕೋಟಿ ಆಯಿತು. ನೀರು ಏರುವ ಮೊದಲೇ ರೇಟು ಗುಡ್ಡ ಹತ್ತಿತ್ತು.

2024ರ ಗೌರಿ ಹಬ್ಬದ ದಿನ ಸಕಲೇಶಪುರದ ಕಡೆ ಬಾಗಿನ ಅರ್ಪಿಸಿ ನೀರು ಎತ್ತಿದರು. ಆದರೆ ಇತ್ತ ಕಾಲುವೆ ಪೂರ್ತಿ ಆಗಿರಲಿಲ್ಲ. ಹಾಗಾಗಿ ಅದನ್ನು ವಾಣಿವಿಲಾಸ ಸಾಗರದ ಕಡೆ ತಿರುಗಿಸಿದರು. ತವರಿನ ಬಾಗಿನ ಪಕ್ಕದ ಮನೆಗೆ ಹೋಯಿತು ಅನ್ನಿ.

ಸರಿ, ಲೆಕ್ಕ ಹಾಕಿದೆ. ಒಂದು ಯೋಜನ ಸುಮಾರು 13 ಕಿ.ಮೀ. ಅಂತ ಇಟ್ಟುಕೊಳ್ಳಿ. 250 ಕಿ.ಮೀ. ಅಂದರೆ ಇಪ್ಪತ್ತು ಯೋಜನವೂ ಆಗಲಿಲ್ಲ. ದಿನಕ್ಕೊಂದು ಯೋಜನದಂತೆ ಒಂದು ಜೋಡಿ ಎತ್ತು ಹೂಡಿ, ಗಾಡಿಯಲ್ಲಿ ಡ್ರಮ್ಮು ಕಟ್ಟಿಕೊಂಡು ಹೊರಟರೆ ಹೋಗಿ ಬರಲು ನಲವತ್ತು ದಿನ ಸಾಕು. ಹತ್ತು ವರ್ಷಕ್ಕೆ ತೊಂಬತ್ತು ಟ್ರಿಪ್ಪು. ಹನುಮಂತ ನೂರು ಯೋಜನ ಹಾರಿದ್ದನ್ನು ಇಲ್ಲಿಗೆ ಎಳೆಯುವುದಿಲ್ಲ. ಅವನಿಗೆ ಡಿಪಿಆರ್ ಅನ್ನುವ ವಿವರವಾದ ಯೋಜನಾ ವರದಿ ಇರಲಿಲ್ಲ, ಟೆಂಡರ್ ಕರೆದಿರಲಿಲ್ಲ.

ಪಕ್ಕದ ಕೋಲಾರದವರ ಪಾಲಿಗೆ ಇನ್ನೊಂದು ಪದ ಎತ್ತಿಟ್ಟಿದ್ದೇನೆ: ಯೋಜನಗಂಧಿ. ಮಹಾಭಾರತದ ಸತ್ಯವತಿಗೆ ಆ ಹೆಸರು, ಮೈಯ ಪರಿಮಳ ಒಂದು ಯೋಜನ ದೂರ ಹೋಗುತ್ತಿತ್ತಂತೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಮುಂದಿನ ತಿಂಗಳೇ ನೊರೆ. ಹೈಕೋರ್ಟು ಸ್ವಲ್ಪ ದಿನ ನಿಲ್ಲಿಸಿತು, ಆಮೇಲೆ ಮತ್ತೆ ಹರಿಯಿತು. ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂತು ಅನ್ನುವ ರೈತರಿದ್ದಾರೆ, ಅವರ ಮಾತನ್ನು ತೆಗೆದುಹಾಕಲಾರೆ. ನಮಗೂ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಅಂಥದೇ ನೀರು ಬಂತು. ನಂದಿ ಬೆಟ್ಟದ ಸುತ್ತ ಹುಟ್ಟುವ ಪಿನಾಕಿನಿ, ಚಿತ್ರಾವತಿಗಳು ಬತ್ತಿ ಮಲಗಿದ ಸೀಮೆಗೆ ಹೆಬ್ಬಾಳದ ಬಚ್ಚಲು ದೊಡ್ಡ ನದಿ. ಮೂರನೇ ಹಂತದ ಶುದ್ಧೀಕರಣ ಆಗಬೇಕು ಅಂತ ಕೇಳಿದರೆ, ಅದು ಬೇರೆ ಪ್ರಾಜೆಕ್ಟು.

ಸಮಾನಾರ್ಥಕ ಪದ ನಾಲ್ಕು ಸಿಕ್ಕವು. ಸ್ಕೀಮು, ಪ್ಲಾನು, ಕಾಮಗಾರಿ, ಪರಿಷ್ಕೃತ ಅಂದಾಜು. ಐದನೆಯದಕ್ಕೆ ತಲೆ ಕೆರೆದುಕೊಳ್ಳುತ್ತಿದ್ದಾಗ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದರು: “ಬರ್ತದಂತೆ ಅಂತ ಬರ್ಕೋ.”

“ಅಜ್ಜಿ, ನೌನ್ ಬೇಕು. ಅದು ವರ್ಬ್.”

“ವರ್ಬ್ ಅಂದ್ರೆ?”

“ಕ್ರಿಯಾಪದ. ಕೆಲಸ ಆಗಬೇಕು.”

“ಹಂಗಾದ್ರೆ ಅಲ್ಲ ಬಿಡು,” ಅಂದರು ಅಮ್ಮ. ಹುಡುಗಿ ಒಂದು ಗಳಿಗೆ ಯೋಚಿಸಿ ಬರೆದುಕೊಂಡಳು.

ಮಾಡೆಲ್ ಎತ್ತಿನಹೊಳೆಯದೇ ಆಗಲಿ ಅಂತ ತೀರ್ಮಾನವಾಯಿತು. ಥರ್ಮಾಕೋಲಿನ ಗುಡ್ಡ, ಸ್ಟ್ರಾ ಕತ್ತರಿಸಿ ಪೈಪು, ಹಳೆಯ ಕೂಲರಿನ ಮೋಟರು. ಅಣೆಕಟ್ಟು ಮೂರು ಸಲ ಕಿತ್ತು ಬಂತು. ಗಟ್ಟಿಯಾಗಿ ನಿಂತಿದ್ದು ಶಂಕುಸ್ಥಾಪನೆಯ ಕಲ್ಲು ಒಂದೇ. ಅದನ್ನು ಅವಳು ಮೊದಲೇ ಅಂಟಿಸಿ, ಸುತ್ತ ಚೆಂಡು ಹೂವಿನ ಎಸಳು ಉದುರಿಸಿದ್ದಳು. ರಾತ್ರಿ ಹನ್ನೊಂದಕ್ಕೆ ಮೋಟರು ಹಾಕಿ ನೋಡೋಣ ಅಂದರೆ ನೀರಿಲ್ಲ. ನಲ್ಲಿ ಬಂದು ಒಂಬತ್ತು ದಿನವಾಗಿತ್ತು. ಸಂಜೆ ಹಾಕಿಸಿದ್ದ ಟ್ಯಾಂಕರ್ ನೀರನ್ನು ಅಕ್ಕ ಬೈದುಕೊಂಡೇ ಒಂದು ಚೊಂಬು ಕೊಟ್ಟಳು.

ಸೋಮವಾರ ಸ್ಕೂಲಿನಲ್ಲಿ ಎಲ್ಲ ಮಾಡೆಲ್ ಸಾಲಾಗಿ ಇಟ್ಟಿದ್ದರಂತೆ. ಏಳು ಜ್ವಾಲಾಮುಖಿ, ಮಧ್ಯೆ ನಮ್ಮದು. ಮುಖ್ಯ ಅತಿಥಿ ಬಗ್ಗಿ ನೋಡಿ ಕೇಳಿದರಂತೆ, “ಭೇಷ್, ನೀರು ಬಂದೇ ಬಿಡ್ತಲ್ಲಮ್ಮ! ಎಲ್ಲಿಂದ ಬರ್ತಾ ಇದೆ ಇದು?”

“ಟ್ಯಾಂಕರ್‌ದು ಸಾರ್,” ಅಂದಳಂತೆ ಇವಳು. “ಐನೂರು ರೂಪಾಯಿ.”