ನಡುವಿನ ದೊಡ್ಡ ಕಡಿತ ಬಿಟ್ಟುಹೋಗಿದೆ

ಗ್ರೀಕ್ ದುರಂತ ನಾಟಕವೇ ಬೆಳೆಯುತ್ತಾ ಬಂದು ಆಪೆರಾ (ಇಡೀ ನಾಟಕವನ್ನು ಹಾಡಿನಲ್ಲೇ ನಡೆಸುವ ಪಾಶ್ಚಾತ್ಯ ಕಲೆ) ಆಯಿತು ಅಂತ ಅದರ ಹುಟ್ಟಿನ ಬಗೆಗಿನ ಲೇಖನದಲ್ಲಿದೆ. ದಾರಿ ಅಷ್ಟು ನೇರವಾಗಿಲ್ಲ, ನಡುವೆ ಸಾವಿರ ವರ್ಷಕ್ಕೂ ಮಿಕ್ಕಿದ ಕಡಿತವಿದೆ. ಕ್ರಿ.ಪೂ. 5ನೇ ಶತಮಾನದ ನಾಟಕಕಾರ ಸೊಫೊಕ್ಲಿಸನ ಅಥೆನ್ಸಿನಲ್ಲಿ ಮೂವರು ನಟರು, 15 ಜನರ ಮೇಳ (ಕೋರಸ್). ಹಾಡು, ಕುಣಿತ ಹೆಚ್ಚಾಗಿ ಮೇಳದ್ದು. ನಟರದು ಬಹುಪಾಲು ಛಂದಸ್ಸಿನ ಮಾತು. 1585ರಲ್ಲಿ ಇಟಲಿಯ ವಿಚೆಂಝಾದ ಒಲಿಂಪಿಕೋ ರಂಗಮಂದಿರದಲ್ಲಿ ಸೊಫೊಕ್ಲಿಸನ ‘ಈಡಿಪಸ್’ ಆಡಿದಾಗಲೂ ಸಂಗೀತಗಾರ ಆಂಡ್ರಿಯಾ ಗಾಬ್ರಿಯೆಲಿ ಸಂಗೀತ ಕೂಡಿಸಿದ್ದು ಮೇಳದ ಪದಗಳಿಗೆ ಮಾತ್ರ.

ಆದರೆ ಅದೇ ಕಾಲದಲ್ಲಿ ಇಟಲಿಯ ಫ್ಲಾರೆನ್ಸಿನ ಕೆಲವರು, ಗ್ರೀಕರು ಇಡೀ ನಾಟಕವನ್ನೇ ಹಾಡುತ್ತಿದ್ದರು ಎಂದು ನಂಬಿದರು. ಆ ತಪ್ಪು ನಂಬಿಕೆಯಿಂದಲೇ ಹೊಸ ಕಲೆ ಹುಟ್ಟಿತು; ಇಡೀ ಚರಿತ್ರೆಯಲ್ಲಿ ನನಗೆ ಅತಿ ಸೊಗಸೆನಿಸುವ ಭಾಗ ಇದೇ. ನಾಲ್ಕೈದು ದನಿ ಒಂದರ ಮೇಲೊಂದು ಬಿದ್ದರೆ ಸಾಹಿತ್ಯ ಕಿವಿಗೆ ಸಿಗುವುದಿಲ್ಲ ಎಂದು ಅವರಲ್ಲೊಬ್ಬನಾದ ಸಂಗೀತಗಾರ ವಿಂಚೆಂಜೊ ಗೆಲಿಲಿ (ವಿಜ್ಞಾನಿ ಗೆಲಿಲಿಯೋನ ತಂದೆ) ವಾದಿಸಿದ್ದ. ಅದಕ್ಕೇ 1600ರ ‘ಎವ್ರಿಡಿಚೆ’ ಆಪೆರಾದಲ್ಲಿ ಸಂಗೀತಗಾರ ಪೆರಿ, ಮಾತಿನ ಲಯಕ್ಕೆ ಹತ್ತಿರದ ಒಂಟಿ ದನಿ ಇಟ್ಟ, ಕೆಳಗೆ ನಿಧಾನವಾಗಿ ಬದಲಾಗುವ ಮಂದ್ರ ಸ್ವರ, ಅದರ ಆಧಾರದ ಮೇಲೆ ಉಳಿದ ಸ್ವರಗಳನ್ನು ವಾದಕರೇ ತುಂಬಬೇಕು. ಮಾತೇನೋ ಸ್ಪಷ್ಟವಾಯಿತು, ಆದರೆ ಉದ್ದಕ್ಕೂ ಅದೇ ಆದರೆ ಏಕತಾನ. 1607ರಲ್ಲಿ ಇಟಲಿಯ ಮಾಂಟುವಾದಲ್ಲಿ ಸಂಗೀತಗಾರ ಮೊಂಟೆವೆರ್ದಿ ತನ್ನ ಆಪೆರಾ ‘ಓರ್ಫಿಯೊ’ಗೆ ಹಾಡು, ಮೇಳಗಾನ, ಕುಣಿತ, ಬಗೆಬಗೆಯ ವಾದ್ಯಗಳನ್ನು ತಂದು ಅದನ್ನು ಸರಿಪಡಿಸಿದ. ಟಿಕೆಟ್ ಕೊಂಡು ಜನಸಾಮಾನ್ಯರು ಆಪೆರಾ ನೋಡುವಂತಾದದ್ದು 1637ರಲ್ಲಿ, ವೆನಿಸ್‌ನ ಸಾನ್ ಕಾಸಿಯಾನೊ ರಂಗಮಂದಿರದಲ್ಲಿ.